ತಾನಾಗಿ ಆರಿದ ಒಲೆ

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ತೆರೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದ.

"ಇನ್ನೊಂದ್ಸಲ ಹೇಳಿ ಅಮ್ಮ."

"ನಿನ್ನೆ ಮಧ್ಯಾಹ್ನ ನಾನು ಒಲೆ ಮೇಲೆ ನೀರಿಟ್ಟು ಪಕ್ಕದ್ಮನೇಲಿ ಮಾತಾಡ್ತಾ ಕೂತಿದ್ದೆ. ಯಾರೋ ಹಿಂಬಾಗಿಲಿಂದ ಬಂದು ನನ್ನ ಒಲೆ ಆರಿಸಿ ಹೋಗಿದಾನೆ."

"ಏನು ಕಳುವಾಗಿದೆ?"

"ಏನೂ ಇಲ್ಲ."

"ಪುಣ್ಯಾತ್ಮ. ನಮ್ಮನೆಗೂ ಕಳ್ಸಿ, ಗ್ಯಾಸ್ ಉಳಿಯುತ್ತೆ."

ಆಕೆ ನಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಬೀದಿಗೆಲ್ಲ ಟೆಲಿಫೋನಮ್ಮ. ಒಂಟಿ ಜೀವ. "ನನ್ನ ತಂಗಿ ಮಗ ನನಗೆ ಅರಳುಮರಳು ಅಂತಾನೆ. ವೃದ್ಧಾಶ್ರಮಕ್ಕೆ ಸೇರಿಸೋಕೆ ತುದಿಗಾಲಲ್ಲಿ ನಿಂತಿದಾನೆ. ನಾನು ಒಲೆ ಆರಿಸಿಲ್ಲ. ನೀರು ಕುದ್ದೇ ಇರ್ಲಿಲ್ಲ. ಸಿಲಿಂಡರ್ ಗುಂಡಿನೂ ತಿರುಗಿಸಿತ್ತು. ಜನ್ಮದಲ್ಲಿ ನಾನು ಅದನ್ನ ಮುಟ್ಟಿದವಳಲ್ಲ."

ಒಳಕೋಣೆಯಲ್ಲಿ ಇನ್ಸ್‌ಪೆಕ್ಟರ್ ಓದುವುದನ್ನು ನಿಲ್ಲಿಸಿದರು.

ಅವರ ಮೇಜಿನ ಮೇಲೆ ಎರಡು ಗುಡ್ಡೆ ಕಡತ. ಪತ್ತೆಯಾಗದ ಎರಡು ಸರಣಿ ಕೊಲೆಗಳನ್ನು ಹೋಲಿಸಿ ಮಾತಾಡಿ ಎಂದು ತರಬೇತಿ ಶಾಲೆಯವರು ಕರೆದಿದ್ದರು. ಮೊದಲನೆಯದು ಮೂವತ್ತೆಂಟು ವರ್ಷ ಹಳೆಯದು, ಸೀಮೆಎಣ್ಣೆ ಸ್ಟವ್ ಕಾಲದ್ದು. ಮೂವರು ಹೆಂಗಸರು, ಟವೆಲಿನಿಂದ ಕತ್ತು ಬಿಗಿದು. ಪತ್ರಿಕೆಯವರು ಕೊಲೆಗಾರನಿಗೆ 'ಮಟಮಟ ಮಧ್ಯಾಹ್ನದವನು' ಎಂದು ಹೆಸರಿಟ್ಟಿದ್ದರು. ಎರಡನೆಯದು ಹದಿನೈದು ವರ್ಷದ ಹಿಂದಿನದು. ನಾಲ್ವರು, ದಿಂಬಿನಿಂದ ಉಸಿರುಗಟ್ಟಿಸಿ. ಇವನು 'ದಿಂಬಿನ ಭೂತ'. ಬೇರೆ ಕಾಲ, ಬೇರೆ ಬಡಾವಣೆ, ಬೇರೆ ಕೈ ಎಂದು ಬರೆದಿಟ್ಟು ದೊಡ್ಡವರೆಲ್ಲ ಕೈತೊಳೆದುಕೊಂಡಿದ್ದರು. ಇನ್ಸ್‌ಪೆಕ್ಟರೂ ಭಾಷಣದಲ್ಲಿ ಅದನ್ನೇ ಒಪ್ಪಿಸುವವರಿದ್ದರು.

ಆದರೆ ಈ ಮನುಷ್ಯ ಅಡುಗೆ ಮಾಡುವವರು. ಹೆಂಡತಿ ನರ್ಸು, ಪಾಳಿ ಕೆಲಸ, ಹಾಗಾಗಿ ಮನೆಯ ಒಲೆ ಇವರದ್ದೇ. ಸಾಹೇಬರ ಲಾಠಿಗಿಂತ ಸೌಟು ಚುರುಕು ಎಂದು ಹೆಡ್ ಕಾನ್‌ಸ್ಟೇಬಲ್ ಹಿಂದಿನಿಂದ ಆಡಿಕೊಳ್ಳುತ್ತಿದ್ದ. ಅವರು ಪಂಚನಾಮೆಗಳನ್ನು ಮತ್ತೆ ಬಿಡಿಸಿದರು. 'ಸ್ಟವ್ ಆರಿದೆ. ಪಾತ್ರೆಯಲ್ಲಿ ಅರೆಬೆಂದ ಆಲೂಗಡ್ಡೆ.' ಇನ್ನೊಂದು ಕಡತದಲ್ಲಿ, 'ಒಲೆ ಆರಿದೆ. ಹಾಲು ಕಾದಿಲ್ಲ.' ಏಳು ಮನೆಯಲ್ಲೂ ಇದೇ ಕತೆ. ಅರೆಬೆಂದಿರುವಾಗ ಒಲೆ ಯಾರು ಆರಿಸುತ್ತಾರೆ? ಸತ್ತವಳು ಎದ್ದು ಬಂದು ಆರಿಸಿದಳೇ? ಎರಡೂ ಕಾಲದ ತನಿಖಾಧಿಕಾರಿಗಳು ಕಿಟಕಿ ಅಳೆದಿದ್ದರು, ಚಿಲಕ ಬಿಚ್ಚಿದ್ದರು. ಅಡುಗೆಮನೆಗೆ ಮಾತ್ರ ಅವರು ಬಾಳಿನಲ್ಲಿ ಹೋದದ್ದು ತಟ್ಟೆ ಮುಂದೆ ಕೂರಲಿಕ್ಕೆ. ಆರಿದ ಒಲೆಯಲ್ಲಿ ಅವರಿಗೆ ಕೇಳುವಂಥದ್ದೇನೂ ಕಾಣಲಿಲ್ಲ.

ಎರಡು ಕಡತದಲ್ಲೂ ಒಬ್ಬೊಬ್ಬ ನೆರೆಯವಳ ಹೇಳಿಕೆಯಿತ್ತು. ಕೊಲೆಯಾದವಳು ಸಾಯುವ ಹಿಂದಿನ ವಾರ, ನಮ್ಮನೆ ಒಲೆ ತಾನಾಗೇ ಆರುತ್ತೆ ಅಂತಿದ್ದಳು, ನಾವು ನಕ್ಕೆವು. ಅದನ್ನು ಓದಿ ಇನ್ಸ್‌ಪೆಕ್ಟರ್ ಕಡತ ಹಾಗೇ ತೆರೆದಿಟ್ಟು ಎದ್ದರು. ಹೊರಗೆ ಬಂದರು.

"ಎಫ್‌ಐಆರ್ ಬರಿ."

"ಒಲೆ ಆರಿಸಿದ್ದಕ್ಕೆ ಯಾವ ಸೆಕ್ಷನ್ ಸಾರ್?"

"ಮನೆ ಅತಿಕ್ರಮಣ. ಈಗ ಬರೀದಿದ್ರೆ ಮುಂದಿನ ವಾರ ಇದೇ ಅಮ್ಮನ ಕೊಲೆ ಅಂತ ಬರೀಬೇಕಾಗುತ್ತೆ."

ಟೆಲಿಫೋನಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. ಅವರು ಎದುರಿಗೆ ಕೂತು ಕೇಳಿದರು.

"ಇತ್ತೀಚೆಗೆ ಅಡುಗೆಮನೆಗೆ ಹೊರಗಿನವರು ಯಾರು ಬಂದಿದ್ರು?"

"ಒಲೆ ರಿಪೇರಿಯವನು. ಹೋದ ತಿಂಗಳು."

"ವಯಸ್ಸು?"

"ಅರವತ್ತು ದಾಟಿದೆ. ಕನ್ನಡಕ."

"ಏನಾದ್ರೂ ಅಂದ್ನಾ?"

"ಉರಿಯೋ ಒಲೆ ಬಿಟ್ಟು ಹೋಗ್ಬೇಡಿ ಅಂದ. ನಿಮ್ಮಪ್ಪನ ಒಲೇನಾ ಅಂದೆ."

"ಅದಕ್ಕೆ?"

"ಒಲೆನೇ ನೋಡ್ತಾ ನಿಂತಿದ್ದ."

ಬುಧವಾರದಿಂದ ಆ ಮನೆಯಲ್ಲಿ ಕಾವಲು. ಮಹಿಳಾ ಕಾನ್‌ಸ್ಟೇಬಲ್ ಟೆಲಿಫೋನಮ್ಮನ ಶಾಲು ಹೊದ್ದು ನಡುಮನೆಯ ಕುರ್ಚಿಯಲ್ಲಿ ತೂಕಡಿಸಬೇಕು, ಇನ್ಸ್‌ಪೆಕ್ಟರ್ ಮತ್ತು ಹೆಡ್ ಉಗ್ರಾಣದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರಬೇಕು. ಒಲೆಯ ಮೇಲೆ ನೀರು. ಟೆಲಿಫೋನಮ್ಮನನ್ನು ಪಕ್ಕದ ಮನೆಯಲ್ಲಿ ಕೂರಿಸಿ ಬಾಯಿ ಬಿಡಬಾರದೆಂದು ಅಪ್ಪಣೆ ಮಾಡಿದ್ದರು. ಇಡೀ ಪ್ರಕರಣದಲ್ಲಿ ಕಷ್ಟದ ಕೆಲಸ ಬಿದ್ದದ್ದು ಆಕೆಗೇ.

ಶುಕ್ರವಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಹಿಂಬಾಗಿಲು ಸರಿಯಿತು. ಹೆಗಲಿಗೆ ಸಾಮಾನಿನ ಚೀಲ, ಕನ್ನಡಕ, ಒಗೆದ ಅಂಗಿ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದ. ಮೊದಲು ಒಲೆ ಆರಿಸಿದ. ಬಗ್ಗಿ ಸಿಲಿಂಡರಿನ ಗುಂಡಿ ತಿರುಗಿಸಿದ. ಆಮೇಲೆ ಮೊಳೆಯಲ್ಲಿದ್ದ ಟವೆಲು ತೆಗೆದು ಎರಡೂ ಕೈಗೆ ಸುತ್ತಿಕೊಂಡು ನಡುಮನೆಗೆ ನಡೆದ. ಕುರ್ಚಿಗೆ ಒಂದು ಮೊಳವಿರುವಾಗ ಹೆಡ್ ಹಿಂದಿನಿಂದ ತಬ್ಬಿದ. ಮಹಿಳಾ ಕಾನ್‌ಸ್ಟೇಬಲ್ ಶಾಲು ಕೊಡವಿ ಎದ್ದು ಕೋಳ ತೊಡಿಸಿದಳು.

ಅವನು ಕೊಸರಾಡಲಿಲ್ಲ. "ಮೂರನೇ ಸಲ," ಎಂದ. "ಬಾಯಲ್ಲಿ ಹೇಳಿದೆ. ಬಂದು ಆರಿಸಿದೆ. ಇನ್ನೆಷ್ಟು ಸಲ ಹೇಳ್ಬೇಕು?"

ದಿಂಬಿನ ಪ್ರಕರಣದ ಒಂದು ಬಾಗಿಲಲ್ಲಿ ಸಿಕ್ಕಿ ಇಷ್ಟು ವರ್ಷ ವಾರಸುದಾರನಿಲ್ಲದೆ ಬಿದ್ದಿದ್ದ ಬೆರಳಚ್ಚು ಸೋಮವಾರ ಅವನದ್ದೆಂದು ವರದಿ ಬಂತು. ಹಳೆಯ ಮೂರನ್ನು ಅವನೇ ಒಪ್ಪಿಕೊಂಡ. ನಡುವಿನ ವರ್ಷಗಳಲ್ಲಿ ಒಲೆ ಕಾರ್ಖಾನೆಯಲ್ಲಿದ್ದನಂತೆ, ಯಾರ ಅಡುಗೆಮನೆಗೂ ಕಾಲಿಡುವ ಪ್ರಸಂಗವೇ ಬರಲಿಲ್ಲ. ಎರಡನೇ ಸರಣಿಯ ನಂತರ ಮಂಡಿ ಕೈಕೊಟ್ಟು ಮನೆ ಹಿಡಿದಿದ್ದ. ಆಪರೇಷನ್ ಆಗಿ ಮತ್ತೆ ಕೆಲಸಕ್ಕಿಳಿದದ್ದು ಈ ವರ್ಷ.

ಟೆಲಿಫೋನಮ್ಮ ಎಫ್‌ಐಆರ್ ಪ್ರತಿಗೆ ಬಂದಳು. "ಇದರ ಕೆಳಗೆ, ಈಯಮ್ಮನ ತಲೆ ನೆಟ್ಟಗಿದೆ ಅಂತ ಬರೆದು ಸೀಲ್ ಹಾಕಿ."

"ಹಾಗೆಲ್ಲ ಬರಿಯೋಕೆ ಬರಲ್ಲಮ್ಮ," ಎಂದ ಹೆಡ್. "ನಿಮ್ಮ ತಂಗಿ ಮಗನ್ನ ಇಲ್ಲಿಗೆ ಕಳ್ಸಿ. ನಾನೇ ಬಾಯಲ್ಲಿ ಹೇಳ್ತೀನಿ. ಮೊದಲು ನಕ್ಕಿದ್ದು ನಾನು, ಅದನ್ನೂ ಹೇಳ್ತೀನಿ."

ಆಕೆ ಪ್ರತಿಯನ್ನು ಮಡಚದೆ ಎದೆಗೊತ್ತಿಕೊಂಡು ಹೋದಳು. ಠಾಣೆಗೆ ಠಾಣೆಯೇ ಅಂದು ಖುಷಿಯಲ್ಲಿತ್ತು.

ಸಂಜೆ ಇನ್ಸ್‌ಪೆಕ್ಟರ್ ರಿಪೇರಿಯವನ ಹೇಳಿಕೆಯ ಕೊನೆಯ ಪುಟ ಬರೆದುಕೊಂಡರು.

"ಆ ಹೆಂಗಸರು ನಿನಗೇನು ಮಾಡಿದ್ರು?"

"ಒಲೆ ಬಿಟ್ಟು ಹೋದ್ರು."

"ಅಷ್ಟಕ್ಕೆ?"

"ಆಗ ನನಗೆ ಏಳು ವರ್ಷ. ನಮ್ಮಮ್ಮ ಒಲೆ ಹಚ್ಚಿ ಪಕ್ಕದ್ಮನೆಗೆ ಮಾತಾಡೋಕೆ ಹೋದ್ಲು. ಒಲೆ ಪಕ್ಕದಲ್ಲೇ ತೊಟ್ಟಿಲು. ತಂಗಿ ಇದ್ಲು. ನಾನು ಹೊರಗೆ ಆಡ್ತಿದ್ದೆ." ಕನ್ನಡಕ ತೆಗೆದು ಅಂಗಿಗೆ ಒರೆಸಿದ. "ಬಂದವರೆಲ್ಲ ಅಮ್ಮನ್ನ ಸಮಾಧಾನ ಮಾಡಿದ್ರು. ಯಾಕೆ ಬಿಟ್ಟು ಹೋದೆ ಅಂತ ಒಬ್ಬರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಸಹಿಗೆ ಪೆನ್ನು ಕೊಟ್ಟರು. ಎರಡಕ್ಷರ ಬರೆದವನು ನಿಲ್ಲಿಸಿ, ತಲೆಯೆತ್ತಿ ಕಿವಿಗೊಟ್ಟ.

"ಹಿಂದಿನ ಕೋಣೇಲಿ ಒಲೆ ಉರೀತಿದೆ. ಹತ್ತಿರ ಯಾರೂ ಇಲ್ಲ."

ಹೆಡ್ ಚಹಾಕ್ಕೆ ಹಾಲಿಟ್ಟು, ಹೇಳಿಕೆ ಕೇಳಲೆಂದು ಬಾಗಿಲಲ್ಲಿ ಬಂದು ನಿಂತಿದ್ದ. ಸರಸರನೆ ಹೋಗಿ ಆರಿಸಿ ಬಂದ.

"ಸಿಲಿಂಡರ್ ಗುಂಡಿ?" ಎಂದು ಕೇಳಿದ ಆರೋಪಿ.

ಹೆಡ್ ಮತ್ತೆ ಹೋದ. ಅವನು ಬರುವವರೆಗೆ ಕಾದು, ಆಮೇಲೆ ಆರೋಪಿ ಉಳಿದ ಸಹಿ ಹಾಕಿದ.