ಬಾಗಿಲಲ್ಲಿ ಒಪ್ಪಿಸಬೇಕಾದ ಪಿಸ್ತೂಲು

1942ರ ಅಕ್ಟೋಬರ್ 19, ಸೋಮವಾರ, ವಿಜಯದಶಮಿ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮದ್ದೂರು ಠಾಣೆಗೆ ದೂರು ಬಂತು. ಇನ್ಸ್‌ಪೆಕ್ಟರ್ ಲಿಂಗಯ್ಯನವರು ಆಗಸ್ಟ್‌ನಿಂದ ಒಂದು ದಿನವೂ ನೆಟ್ಟಗೆ ಉಂಡವರಲ್ಲ. ಚಳವಳಿಯವರು ತಂತಿ ಕತ್ತರಿಸಿದಲ್ಲಿಗೆಲ್ಲ ಓಡಿ ಓಡಿ ಬೂಟಿನ ಅಟ್ಟೆ ಸವೆದಿತ್ತು. ಹಬ್ಬದ ದಿನವಾದರೂ ಒಂದು ಗಳಿಗೆ ಕಾಲು ಚಾಚೋಣವೆಂದರೆ, ನಿಡಘಟ್ಟದ ಜಮೀನುದಾರ ಅಪ್ಪಾಜಿಗೌಡರು ತಮ್ಮ ಗಾಡಿ ಹೊಡೆಯುವ ಅಂಕಯ್ಯನನ್ನು ಇಬ್ಬರು ಆಳುಗಳ ಕೈಲಿ ಹಿಡಿಸಿಕೊಂಡು ಬಂದು ನಿಂತರು.

ದೂರು ಇಷ್ಟೇ. ಚಳವಳಿಯವರನ್ನು ಕೂಡಿಡಲು ನಿಡಘಟ್ಟದಾಚೆಯ ಹಳೇ ಬೆಲ್ಲದ ಗೋದಾಮಿನಲ್ಲಿ ಸರ್ಕಾರ ಒಂದು ತಾತ್ಕಾಲಿಕ ಜೈಲು ತೆರೆದಿತ್ತು. ಗೌಡರು ಅದನ್ನು ಆಗಾಗ ಹೋಗಿ ನೋಡಿಬರುವ ಗೌರವ ಸಂದರ್ಶಕರು. ಭಾನುವಾರ ಸಂಜೆ ಐದಕ್ಕೆ ಗಾಡಿಯಲ್ಲಿ ಹೋಗಿ, ಲೈಸೆನ್ಸ್ ಇರುವ ತಮ್ಮ ಪಿಸ್ತೂಲನ್ನು ಗಾಡಿಯ ಮೆತ್ತೆಯ ಕೆಳಗಿಟ್ಟು, ಜೈಲಿನೊಳಗೆ ಹೋಗಿದ್ದರಂತೆ. ತಿರುಗಿ ಬಂದಾಗ ಪಿಸ್ತೂಲಿಲ್ಲ. ಗಾಡಿಯ ಹತ್ತಿರ ಅಂಕಯ್ಯನ ಹೊರತು ಯಾರೂ ಇರಲಿಲ್ಲ. ಕೆಳಗೆ ಸಾಕ್ಷಿಯೆಂದು ಜೈಲರರ ಸಹಿಯೂ ಇತ್ತು.

"ಸಂಜೆ ಕಳೆದದ್ದಕ್ಕೆ ಈಗ ಬಂದಿದ್ದೀರಿ?"

"ಹಬ್ಬ ಅಲ್ವೆ ಇನ್ಸ್‌ಪೆಕ್ಟ್ರೇ. ನೀವು ಬರ್ಕೊಳಿ, ಇವನ್ನ ಒಳೀಕ್ ತಳ್ಳಿ."

ಲಿಂಗಯ್ಯನವರು ಎಫ್‌ಐಆರ್ ಪುಸ್ತಕ ತೆಗೆದು ಎಲ್ಲ ಬರೆದರು. ಘಟನೆ ನಡೆದ ಸ್ಥಳ ಎಂಬ ಕಾಲಮ್ಮನ್ನು ಮಾತ್ರ ಖಾಲಿ ಬಿಟ್ಟು, ನೋಡಿ ಬಂದು ತುಂಬುತ್ತೇನೆ ಎಂದರು. ಗೌಡರ ಮುಖ ಸಿಂಡರಿಸಿತು. ಪಿಸ್ತೂಲು ಸಿಗುವುದಕ್ಕಿಂತ ಆ ಕಾಲಮ್ಮು ತುಂಬುವುದೇ ಅವರಿಗೆ ಮುಖ್ಯವಾದಂತಿತ್ತು.

ಹನ್ನೆರಡು ಗಂಟೆಗೆ ಅಂಕಯ್ಯನ ಹೆಂಡತಿ ಮಾಯಮ್ಮ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಏಳು ಎಂದರೆ ಏಳಲಿಲ್ಲ. ಹಬ್ಬದ ದಿನ ಇದೊಂದು ಬಾಕಿಯಿತ್ತು ಎಂದು ಲಿಂಗಯ್ಯನವರು ತಾವೇ ಹೊರಗೆ ಬಂದರು.

"ಗಾಡೀನೇ ಕಟ್ಟಿಲ್ಲ ಕಣ್ ಸ್ವಾಮಿ," ಎಂದಳು ಆಕೆ. "ಪೂಜೆ ಮಾಡಿದ್ ಗಾಡೀನ ದಸಮಿ ಗಂಟ ಯಾರ್ ಕಟ್ತಾರೆ? ಗಾಲಿ ಕೆಳೀಕೆ ನಿಂಬೆಅಣ್ಣು ಮಡಗಿದ್ದು ನಾನೇಯ. ಓಗಿ ನೋಡ್ಕ ಬನ್ನಿ, ಅಂಗೇ ಅವೆ."

ಅಂಕಯ್ಯನನ್ನು ಕೇಳಿದರೆ ಅವನೂ ತಲೆಯಾಡಿಸಿದ. ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಗೌಡ್ರು ಕಟ್ಟಿದ್ದೆ ಅಂದ ಮೇಲೆ ಇಲ್ಲ ಅನ್ನೋದ್ ಎಂಗೆ ಸ್ವಾಮಿ ಎಂದ. ಲಿಂಗಯ್ಯನವರಿಗೆ ಇವನ ಮೇಲೂ ರೇಗಿತು.

ಮಧ್ಯಾಹ್ನ ಒಂದೂವರೆಗೆ ದಫೇದಾರ್ ಕರಿಸಿದ್ದಯ್ಯನನ್ನು ಕರೆದುಕೊಂಡು ಅವರು ಗೌಡರ ಗಾಡಿಮನೆಗೆ ಹೋದರು. ಗಾಡಿ ಅರಿಶಿನ ಕುಂಕುಮ ಬಳಿದುಕೊಂಡು ನಿಂತಿತ್ತು. ಎರಡು ಗಾಲಿಗಳ ಮುಂದೆ ಎರಡು ನಿಂಬೆಹಣ್ಣು, ಒಂದೂ ಜಜ್ಜಿರಲಿಲ್ಲ. ನೊಗಕ್ಕೆ ಸುತ್ತಿದ ಹೂವಿನ ಸರವೂ ಹಾಗೇ ಇತ್ತು. ಊರಿನ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಮಹಜರು ಬರೆಸುವಾಗ ಕರಿಸಿದ್ದಯ್ಯ, ನಿಂಬೆಹಣ್ಣನ್ನೂ ಬರೀಬೇಕಾ ಸ್ವಾಮಿ ಎಂದು ಕೇಳಿದ.

"ಅದನ್ನೇ ಮೊದಲು ಬರಿ."

ಎರಡೂ ಮುಕ್ಕಾಲಿಗೆ ಜೈಲು. ಬಾಗಿಲ ಪಕ್ಕದ ಗೋಡೆಗೆ ನಿಯಮದ ಹಲಗೆ ತೂಗಿತ್ತು: ಲೈಸೆನ್ಸ್ ಇದ್ದರೂ ಇಲ್ಲದಿದ್ದರೂ ಯಾವ ಆಯುಧವನ್ನೂ ಒಳಗೆ ಒಯ್ಯಕೂಡದು, ಬಾಗಿಲಲ್ಲಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ಅದರ ಕೆಳಗೊಂದು ತೇಗದ ಪೆಟ್ಟಿಗೆ. ಬಾಗಿಲ ಪಹರೆಯ ಮುದುಕ ಜವರಯ್ಯ ಸಲಾಮು ಹೊಡೆದ. ಕುರ್ಚಿಯಿಲ್ಲದ್ದರಿಂದ ಲಿಂಗಯ್ಯನವರು ಆ ಪೆಟ್ಟಿಗೆಯ ಮೇಲೇ ಕೂತು ಜೈಲರರನ್ನು ಕರೆಸಿದರು.

ಜೈಲರರು ಮೊದಲು ಗಾಡಿ ಎಂದರು. ನಿಂಬೆಹಣ್ಣಿನ ಮಾತು ಬಂದ ಮೇಲೆ ಗೌಡರು ನಡೆದೇ ಬಂದಿರಬಹುದು ಎಂದರು. ಬಾಗಿಲ ರಿಜಿಸ್ಟರ್ ತೆಗೆಸಿದರೆ ಭಾನುವಾರದ ಸಾಲಿನಲ್ಲಿ ಜವರಯ್ಯನ ಗುಂಡಕ್ಷರವಿತ್ತು: ಅಪ್ಪಾಜಿಗೌಡರು, ಪಿಸ್ತೂಲು ಒಂದು, ಒಳಗೆ ಹೋಯಿತು. ಆ ಸಾಲಿನ ಮೇಲೆ ಕೆಂಪು ಶಾಯಿಯ ಗೀಟು. ಹಿಂದಕ್ಕೆ ತಿರುವಿದರೆ ಇಂಥದೇ ಇನ್ನೂ ನಾಲ್ಕು ಸಾಲು, ನಾಲ್ಕಕ್ಕೂ ಗೀಟು.

"ಗೀಟು ಯಾರದು?"

ಜೈಲರರು ತಮ್ಮದೇ ಎಂದು ಬಾಯಿಬಿಟ್ಟರು. ಆಯುಧಪೂಜೆಗೆ ಜೈಲಿನ ಬಂದೂಕು, ಬೇಡಿ, ಬೀಗದಕೈ ಎಲ್ಲ ಸಾಲಾಗಿ ಇಟ್ಟಿದ್ದರು. ಗೌಡರು ತಮ್ಮದೂ ಒಂದಿರಲಿ ಎಂದು ಇಟ್ಟರು. ಪೂಜೆಗೆ ಇಟ್ಟದ್ದನ್ನು ದಶಮಿಯ ತನಕ ಮುಟ್ಟುವಂತಿಲ್ಲ, ಹಾಗಾಗಿ ಪಿಸ್ತೂಲು ಅಲ್ಲೇ ಉಳಿಯಿತು. ಬೆಳಿಗ್ಗೆ ಹೂವು ತೆಗೆದರೆ ಅದರ ಜಾಗದಲ್ಲಿ ಒಂದು ಹಳೇ ಬೀಗ ಕೂತಿತ್ತು. ಜೈಲಿನೊಳಗೆ ಎಂದು ಬರೆದರೆ ತಮ್ಮ ಕೆಲಸವೂ ಗೌಡರ ಲೈಸೆನ್ಸೂ ಹೋಗುತ್ತದೆಂದು ಇಬ್ಬರೂ ಸೇರಿ ಗಾಡಿಯ ಕತೆ ಕಟ್ಟಿದ್ದರು. ನಡುವೆ ಸಿಕ್ಕಿಕೊಂಡವನು ಅಂಕಯ್ಯ.

ಲಿಂಗಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಬರೆಯಲು ಬರುವ ಇಬ್ಬರು ದೊಡ್ಡ ಮನುಷ್ಯರು ಸೇರಿ ತನ್ನ ಅರ್ಧ ದಿನವನ್ನೂ ಒಬ್ಬ ಬಡವನ ಹಬ್ಬವನ್ನೂ ಹಾಳುಮಾಡಿದ್ದರು. ಬೀಗ ತರಿಸಿ ನೋಡಿದರು. ಕುಂಕುಮ ಮೆತ್ತಿದ ಹಿತ್ತಾಳೆ ಬೀಗ. ಇದು ಎಲ್ಲಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಕರಿಸಿದ್ದಯ್ಯ ಮಾತ್ರ ಇನ್ಸ್‌ಪೆಕ್ಟರರ ಕಾಲ ಹತ್ತಿರ ಬಗ್ಗಿ ನೋಡಿದ.

"ತಾವು ಕೂತಿರೋ ಪೆಟ್ಗೆಗೆ ಬೀಗ ಇಲ್ಲ ಸ್ವಾಮಿ. ದಾರ ಕಟ್ಟವ್ರೆ."

ಲಿಂಗಯ್ಯನವರು ಎದ್ದರು. ಮುಚ್ಚಳ ತೆಗೆದರೆ ಒಳಗೆ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು. ಮೇಲೊಂದು ಚೀಟಿ, ರಿಜಿಸ್ಟರಿನ ಅದೇ ಗುಂಡಕ್ಷರದಲ್ಲಿ: ಮಾಲೀಕರ ಹೆಸರು, ಲೈಸೆನ್ಸ್ ನಂಬರು, ತಾರೀಕು. ಬಾಗಿಲಲ್ಲಿ ಒಪ್ಪಿಸಿದ ಆಯುಧ ಇಡಲೆಂದೇ ಮಾಡಿಸಿದ್ದ ಆ ಪೆಟ್ಟಿಗೆಯಲ್ಲಿ ಜೈಲು ತೆರೆದಂದಿನಿಂದ ಯಾರೂ ಏನೂ ಇಟ್ಟಿರಲಿಲ್ಲ, ಆದ್ದರಿಂದ ಅದನ್ನು ತೆಗೆದು ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ಅದರ ಮೇಲೆ ಕೂತು ಎದ್ದು ಹೋಗಿದ್ದರು.

"ಬೆಳಿಗ್ಗೆಯಿಂದ ಹುಡುಕುತ್ತಿದ್ದರೂ ಸುಮ್ಮನಿದ್ದೆಯಲ್ಲ ಜವರಯ್ಯ?"

"ಕಳೆದೋಯ್ತು ಅಂತ ಬರ್ಸೋ ಗಂಟ ಸುಮ್ಕಿದ್ದೆ ಸ್ವಾಮಿ."

"ನಿನ್ನ ಬದಲಿಗೆ ಅಂಕಯ್ಯ ಠಾಣೆಯಲ್ಲಿ ಕೂತಿದ್ದಾನೆ, ಗೊತ್ತೇನು?"

ಮುದುಕನಿಗೆ ಅದು ಗೊತ್ತಿರಲಿಲ್ಲ. ಕೇಳಿದ್ದೇ ಎರಡೂ ಕೈ ಮುಂದೆ ಚಾಚಿದ.

"ಅವನ್ನ ಬುಟ್ಬುಡಿ. ತಗ್ದೋನು ನಾನು. ನನ್ನ ಕರ್ಕೊಂಡೋಗಿ."

ಸಂಜೆ ಐದೂ ಹತ್ತಕ್ಕೆ ಠಾಣೆಯಲ್ಲಿ ದಸ್ತಗಿರಿ ಬರೆಯಲಾಯಿತು. ಮಾಲೀಕರ ಒಪ್ಪಿಗೆಯಿಲ್ಲದೆ ತೆಗೆದದ್ದು, ಬಚ್ಚಿಟ್ಟದ್ದು, ಕೇಳಿದಾಗ ಹೇಳದ್ದು. ಬಿಡುವಂತಿರಲಿಲ್ಲ, ಲಿಂಗಯ್ಯನವರು ಎರಡು ಸಲ ಕಾನೂನಿನ ಪುಸ್ತಕ ತಿರುವಿ ನೋಡಿದರು. ಸುಳ್ಳು ದೂರಿಗಾಗಿ ಗೌಡರ ಮೇಲೂ ಜೈಲರರ ಮೇಲೂ ಮಂಡ್ಯಕ್ಕೆ ಬೇರೆ ವರದಿ ಬರೆದರು. ಅಂಕಯ್ಯನನ್ನು ಮಾಯಮ್ಮ ಬೈದುಕೊಂಡೇ ಮನೆಗೆ ಕರೆದೊಯ್ದಳು.

ಜವರಯ್ಯನ ಹೇಳಿಕೆ ಉದ್ದವಿರಲಿಲ್ಲ. ಅವನ ಅಳಿಯ ಸಣ್ಣಯ್ಯ ಅದೇ ಜೈಲಿನ ವಾರ್ಡರನಾಗಿದ್ದ. ಸೆಪ್ಟೆಂಬರ್ 6ರಂದು ಗೌಡರು ಜೈಲರರ ಮೇಜಿನ ಮೇಲೆ ಪಿಸ್ತೂಲು ಬಿಚ್ಚಿ ತೋರಿಸುವಾಗ ಗುಂಡು ಹಾರಿ ಸಣ್ಣಯ್ಯನ ಮೊಣಕಾಲು ಪುಡಿಯಾಯಿತು. ಅಪ್ಪಣೆಯಿಲ್ಲದೆ ಅಟ್ಟ ಹತ್ತಿ ಬಿದ್ದ ಎಂದು ಕಾಗದವಾಯಿತು, ಅದೇ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆದರು. ಜವರಯ್ಯ ಬರೆಸಿದ ಮೂರು ಅರ್ಜಿಗಳಿಗೂ ಒಂದೇ ಉತ್ತರ: ಜೈಲಿನೊಳಗೆ ಪಿಸ್ತೂಲು ಬಂದ ದಾಖಲೆಯಿಲ್ಲ. ಪಿಸ್ತೂಲು ಕಳೆದರಾದರೂ ಪೊಲೀಸರು ಬರುತ್ತಾರೆ, ಎಲ್ಲಿಂದ ಕಳೆಯಿತೆಂದು ಬರೆದೇ ಬರೆಯುತ್ತಾರೆ ಎಂದು ಅವನು ಎಣಿಸಿದ್ದ.

ಲಾಕಪ್ಪಿಗೆ ಹೋಗುವ ಮುನ್ನ ಜವರಯ್ಯ ಸೊಂಟದ ಅಡಕತ್ತರಿ ತೆಗೆದು ಕರಿಸಿದ್ದಯ್ಯನ ಕೈಗೆ ಕೊಟ್ಟು, ಒಳೀಕ್ ಆಯ್ದ ತರಂಗಿಲ್ಲ, ಬರ್ಕೊಳಿ ಎಂದ. ಬಾಗಿಲಲ್ಲಿ ಸಣ್ಣಯ್ಯ ಊರುಗೋಲಿಗೆ ಆತು ನಿಂತಿದ್ದ, ಸುದ್ದಿ ಕೇಳಿ ನಿಡಘಟ್ಟದಿಂದ ಬಸ್ಸಿನಲ್ಲಿ ಬಂದಿದ್ದ.

ಲಿಂಗಯ್ಯನವರು ಖಾಲಿ ಕಾಲಮ್ಮು ತುಂಬಿ, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದಿದರು. "ಘಟನೆ ನಡೆದ ಸ್ಥಳ: ನಿಡಘಟ್ಟದ ತಾತ್ಕಾಲಿಕ ಜೈಲಿನ ಒಳಗೆ."

"ಇನ್ನೊಂದ್ ಸಲ ಓದಿ ಸ್ವಾಮಿ," ಎಂದ ಜವರಯ್ಯ ಕಂಬಿಯಾಚೆಯಿಂದ. "ಸಣ್ಣಯ್ಯ ಕೇಳುಸ್ಕೊಳ್ಳಿ."

ಇದಕ್ಕೂ ಒಂದು ಸಲ ಸಾಲದೇ ಎಂದು ಗೊಣಗುತ್ತಲೇ ಲಿಂಗಯ್ಯನವರು ಕನ್ನಡಕ ಏರಿಸಿಕೊಂಡು, ಮೊದಲಿಗಿಂತ ನಿಧಾನವಾಗಿ ಓದಿದರು.