ಏಳನೆಯ ಡಬ್ಬಿಯ ತೂಕ

"ಕಣ್ಣು ಮುಚ್ಚಿ," ಎಂದಳು ವಿನುತಾ.

ಕೃಷ್ಣಾನಂದ ಮುಚ್ಚಲಿಲ್ಲ. ಆರು ವರ್ಷದಿಂದ ಸೊಸೈಟಿಯಲ್ಲಿ ರೇಷನ್ ಅಕ್ಕಿ ತೂಗುತ್ತಿದ್ದವನಿಗೆ ಒಬ್ಬ ಹುಡುಗಿ ಎದುರು ನಿಂತು ಹೀಗೆ ಹೇಳಿದ್ದು ಇದೇ ಮೊದಲು.

"ಎಂತಕೆ?"

"ಕಾಲೇಜಿನ ಪ್ರಯೋಗ. ಕೈಯಲ್ಲಿ ಡಬ್ಬಿ ಇಡ್ತೇನೆ, ಹಿಂದಿನದಕ್ಕಿಂತ ಭಾರ ಹೌದೋ ಅಲ್ಲೋ ಹೇಳಿ. ಅಷ್ಟೇ."

ವಿನುತಾ ಕುಮಟೆಯಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು, ಮನಃಶಾಸ್ತ್ರ ತೆಗೆದುಕೊಂಡು. ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಅವಳ ಊರು ಹೊಳನಗದ್ದೆಯಲ್ಲಿ ಅದಕ್ಕೆ 'ಹುಚ್ಚರ ಓದು' ಎಂದೇ ಹೆಸರು. ಅವ್ವ ದುರ್ಗಿಯಂತೂ ಬಸಳೆ ಮಾರಲು ಹೋದಲ್ಲೆಲ್ಲ "ನಮ್ಮ ಹುಡುಗಿ ಡಾಕ್ಟ್ರು ಆಗ್ತದೆ" ಎಂದು ಸಾರಿಬಿಟ್ಟಿದ್ದಳು. ಯಾವ ಡಾಕ್ಟರು ಎಂದು ಯಾರೂ ಕೇಳಿರಲಿಲ್ಲ, ಪುಣ್ಯ.

ಪ್ರಯೋಗಕ್ಕೆ ಅದರ ಗುಟ್ಟು ತಿಳಿಯದವರೇ ಬೇಕು. ಸಹಪಾಠಿಗಳಿಗೆ ಎಲ್ಲವೂ ಗೊತ್ತು. ಅವ್ವನನ್ನು ಕೂರಿಸಿದರೆ ಮೊದಲು ಡಬ್ಬಿ ಬಿಚ್ಚಿ ನೋಡುತ್ತಾಳೆ. ಅದಕ್ಕೇ ಕೃಷ್ಣಾನಂದ... ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಊರಿನ ಹುಡುಗಿಯರೆಲ್ಲ ಅವನಿಗೆ ಅಣ್ಣ ಎನ್ನುತ್ತಿದ್ದರು. ಇವಳು ಮಾತ್ರ ಒಮ್ಮೆಯೂ ಅಂದವಳಲ್ಲ.

ಅವನು ಕಣ್ಣು ಮುಚ್ಚಿದ. ಒಂದಾದ ಮೇಲೊಂದು ಹತ್ತು ಡಬ್ಬಿ ಇಟ್ಟಳು. "ಇದು ಇನ್ನೂ ಭಾರ, ಅಲ್ವಾ?" ಎಂದು ಪ್ರತಿ ಸಲವೂ ಕೇಳಿದಳು. ಹತ್ತಕ್ಕೂ ಅವನು ಹೂಂ ಎಂದ.

ಆಮೇಲೆ ಪ್ರತಿ ಶನಿವಾರ ಒಂದೊಂದು ಪ್ರಯೋಗ. ಎರಡು ವಾರದಲ್ಲಿ ಮುಗಿಯುವುದು ಎರಡು ತಿಂಗಳಾದರೂ ಮುಗಿಯಲಿಲ್ಲ. ಒಂದು ಶನಿವಾರ ಅವಳ ಬಾಯಿಂದ ಬಂದೇಬಿಟ್ಟಿತು.

"ನಿಮ್ಮ ಹತ್ರ ಕೂತ್ರೆ ಮನೆಗೆ ಹೋಗುಕೆ ಮನಸೇ ಬರುದಿಲ್ಲ."

ಕೃಷ್ಣಾನಂದನ ಕಿವಿ ಕೆಂಪಾಯಿತು.

ಮುಂದಿನ ವಾರವೇ ಎಡವಟ್ಟಾಯಿತು. ಸೀಮೆಎಣ್ಣೆ ಡಬ್ಬ ಹಿಡಿದು ಬಂದವಳು ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಪುಸ್ತಕವನ್ನು ಕಟ್ಟೆಯ ಮೇಲೆ ಇಟ್ಟಳು. ಅವನು ಸುಮ್ಮನೆ ತೆರೆದ.

'ಮೊದಲ ಐದು ಡಬ್ಬಿಗಳ ತೂಕ ಹೆಚ್ಚುತ್ತಾ ಹೋಗುತ್ತದೆ. ಉಳಿದ ಐದರದು ಒಂದೇ ತೂಕ. ಆದರೂ ಪ್ರಯೋಗಕ್ಕೆ ಕುಳಿತವನು ಪ್ರಯೋಗಕರ್ತೆ ಹೇಳಿದ್ದಕ್ಕೆಲ್ಲ ಒಪ್ಪಿದ. ನಿರ್ಣಯ: ಸುಲಭವಾಗಿ ನಂಬಿಸಬಹುದಾದ ವ್ಯಕ್ತಿ.'

ಅವನು ಪುಸ್ತಕ ಮುಚ್ಚಿದ.

"ಏಳನೇ ಡಬ್ಬಿಗೇ ನಂಗೆ ಗೊತ್ತಾಗಿತ್ತು. ಆರೂ ಏಳೂ ಒಂದೇ ತೂಕ. ದಿನಾ ತೂಗುವ ಕೈ ಇದು. ನೀನು ಭಾರ ಅಂದೆ, ಅದಕ್ಕೆ ನಾ ಹೂಂ ಅಂದೆ."

"ಅದು... ಪುಸ್ತಕದಲ್ಲಿ ಹಾಗೇ ಹೇಳ್ಬೇಕು ಅಂತ ಇರುದು."

"ಹೋದ ಶನಿವಾರ ಹೇಳಿದ್ದು? ಅದು ಯಾವ ಪುಸ್ತಕದಲ್ಲಿತ್ತು?"

ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ಕಾರ್ಡು ತಕೊ. ಹಿಂದೆ ಜನ ನಿಂತಿದ್ರು."

ಮರುವಾರ ಅವಳನ್ನು ಕಂಡದ್ದೇ ಅವನು ಗೋದಾಮಿನೊಳಗೆ ಹೋದ. ವಿನುತಾಳಿಗೆ ಊಟ ಸೇರಲಿಲ್ಲ. ಒಮ್ಮೆ ಸುಳ್ಳು ಹೇಳಿ ನಂಬಿಸಿದವಳ ನಿಜವನ್ನು ಯಾರು ನಂಬುತ್ತಾರೆ? ಇದಕ್ಕೆ ಅವಳ ಮೂರು ವರ್ಷದ ಪಾಠದಲ್ಲಿ ಉತ್ತರವಿರಲಿಲ್ಲ.

ಶುಕ್ರವಾರ ಬಸಳೆ ಕಟ್ಟುತ್ತಾ ಅವ್ವ ಹೇಳಿದಳು, "ಸೊಸೈಟಿ ಕೃಷ್ಣಾನಂದ ನಾಡಿದ್ದು ಬೆಳಕೆ ಊರಿಗೆ ಹುಡುಗಿ ನೋಡುಕೆ ಹೋಗ್ತ್ನಂತೆ."

ವಿನುತಾ ಎದ್ದು ಒಳಗೆ ಹೋಗಿ ಅತ್ತಳು. ಆಮೇಲೆ ಮುಖ ತೊಳೆದು ರೆಕಾರ್ಡ್ ತೆಗೆದಳು. ಸೋಮವಾರ ಪ್ರಾಯೋಗಿಕ ಪರೀಕ್ಷೆ. ಹಳೆಯ ನಿರ್ಣಯಕ್ಕೆ ಒಂದು ಗೆರೆ ಎಳೆದು, ಕೆಳಗೆ ಬರೆದಳು.

ಶನಿವಾರ ಮಧ್ಯಾಹ್ನ ಜನ ಕರಗಿದ ಮೇಲೆ ಅದನ್ನು ಅವನ ಮುಂದಿಟ್ಟಳು.

"ಮತ್ತೆಂತ ಪ್ರಯೋಗ?"

"ಓದಿ."

'ಈ ನಿರ್ಣಯ ತಪ್ಪು. ಅವನು ಮೋಸ ಹೋಗಲಿಲ್ಲ, ನನ್ನ ಮಾತಿಗೆ ಬೆಲೆ ಕೊಟ್ಟ. ಪ್ರಯೋಗಕರ್ತೆಗೆ ಮೊದಲಿನಿಂದಲೂ ಅವನ ಮೇಲೆ ಪ್ರೀತಿ ಇತ್ತು. ಅದನ್ನು ಮುಚ್ಚಿಟ್ಟು ನಡೆಸಿದ ಪ್ರಯೋಗ ಒಪ್ಪತಕ್ಕದ್ದಲ್ಲ.'

ಅವನು ಎರಡು ಸಲ ಓದಿದ.

"ಇದನ್ನ ಯಾರ್ಯಾರು ನೋಡ್ತ್ರು?"

"ನಮ್ಮ ಮೇಡಂ. ಮತ್ತೆ ಧಾರವಾಡದಿಂದ ಪರೀಕ್ಷೆ ಮಾಡುಕೆ ಬರುವವರು."

"ಮಾರ್ಕು?"

"ಹೋಗ್ತದೆ."

"ಬಾಯಲ್ಲೇ ಹೇಳ್ಬಹುದಿತ್ತಲ್ಲ ಮಾರಾಯ್ತಿ..."

"ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿರ್ಲಿಲ್ಲ."

ಅವನು ತಲೆ ತಗ್ಗಿಸಿದ. ಅದು ನಿಜವೇ ಆಗಿತ್ತು. ಆಮೇಲೆ ಪುಟದ ಅಡಿಯಲ್ಲಿ ಬೆರಳಿಟ್ಟ.

"ಇಲ್ಲೆಂತಕೆ ಜಾಗ ಬಿಟ್ಟಿದ್ದು?"

"ಪ್ರಯೋಗದ ಹೊತ್ತಿಗೆ ಎಂತ ಅನ್ನಿಸ್ತು ಅಂತ ಕೂತವರೇ ಹೇಳ್ಬೇಕು. ನೀವು ಹೇಳದೆ ನಾ ಬರೆಯುಕಾಗುದಿಲ್ಲ."

ಕೃಷ್ಣಾನಂದ ಅಕ್ಕಿ ಧೂಳಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ನಿಧಾನವಾಗಿ ಬರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿದ.

'ಡಬ್ಬಿ ಇಡುವಾಗ ಅವಳ ಬೆರಳು ತಾಗುತ್ತಿತ್ತು. ಹತ್ತೇ ಡಬ್ಬಿ ತಂದದ್ದು ಕಡಿಮೆಯಾಯಿತು ಅನ್ನಿಸಿತು.'

ವಿನುತಾಳ ಕಣ್ಣು ತುಂಬಿ ಅಕ್ಷರ ಕಾಣಿಸಲಿಲ್ಲ.

"ಇದನ್ನೂ ಧಾರವಾಡದವರು ಓದ್ತ್ರಾ?" ಎಂದು ಕೇಳಿದ.

"ಓದ್ತ್ರು."

"ಓದ್ಲಿ. ಬೆಳಕೆಗೆ ಹೋಗುದು ಬೇಡ ಅಂತ ಈಗ್ಲೇ ಹೋಗಿ ಮನೇಲಿ ಹೇಳ್ತೆ. ಸಂಜೆ ನಿಮ್ಮನೆಗೆ ಬಂದು ದುರ್ಗಕ್ಕನ ಹತ್ರ ಮಾತಾಡ್ಲಾ?"

"ಆತು," ಎಂದಳು ವಿನುತಾ.