ಮೂರನೇ ಕಂಬದ ಹಾಳೆ

ಸೋಮವಾರ ಬೆಳಿಗ್ಗೆ ಸೇತುವೆ ಕಚೇರಿಯ ಟೈಪಿಸ್ಟ್ ಅರ್ಧ ಹೊಡೆದ ಕಾಗದವನ್ನು ಹಾಗೇ ಬಿಟ್ಟು, ಹಿಂದಿನ ಕ್ವಾರ್ಟರ್ಸಿಗೆ, ತನ್ನ ಮಾವನ ಹತ್ತಿರ ಓಡಿದಳು. ಮೂವತ್ತು ವರ್ಷ ಕಬ್ಬಿಣದ ಸೇತುವೆಯ ಒಂದೊಂದು ರಿವೆಟ್ ಮೊಳೆಗೂ ಸುತ್ತಿಗೆ ತಟ್ಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳಿದವರು ಅವರು. ನಿವೃತ್ತರಾದ ಮೇಲೂ ಎಲ್ಲರ ಬಾಯಲ್ಲಿ ಸುತ್ತಿಗೆ ಮಾವನೇ. ಯಾರ ಮನೆಯಲ್ಲಿ ಏನು ಕಳೆದರೂ ಪತ್ತೆಗೆ ಅವರ ಬಾಗಿಲಿಗೇ ಬರುತ್ತಿದ್ದರು; ಜೊತೆಗೆ ಹೋಗಿ ಮೆಟ್ಟಿಲು ಹತ್ತುವಾಗ ಕೈ ಹಿಡಿಯುವುದು ಈ ಸೊಸೆಯ ಪಾಲಿನ ಕೆಲಸ.

"ಮಾವ, ಕಡತದಣ್ಣನನ್ನ ಸಂಜೆ ಪೊಲೀಸಿಗೆ ಕೊಡ್ತಾರಂತೆ."

"ಮೊದಲು ಕೂತ್ಕೋಮ್ಮ. ನೀನು ನಿಂತ್ರೆ ನನ್ನ ಮಂಡಿ ನೋಯುತ್ತೆ."

ಅವಳು ಕೂತು ಹೇಳಿದಳು. ಈ ನದಿಗೆ ಮೊದಲು ಇದ್ದದ್ದು ಸಾಲಾಗಿ ಕಟ್ಟಿದ ದೋಣಿಗಳ ಸೇತುವೆ. ಆಮೇಲೆ ಮರದ್ದು, ಒಂದೇ ಪ್ರವಾಹಕ್ಕೆ ಹೋಯಿತು. ಆಮೇಲೆ ಹನ್ನೆರಡು ಕಲ್ಲಿನ ಕಂಬಗಳ ಮೇಲೆ ಕಬ್ಬಿಣದ್ದು. ಈಗ ಕಬ್ಬಿಣವೂ ದಣಿದಿದೆ. ಅದೇ ಕಂಬಗಳ ಮೇಲೆ ಹೊಸ ರಸ್ತೆ ಕೂರಿಸುವ ಯೋಚನೆ. ಕಂಬಗಳ ವರದಿಗೆ ಸಹಿ ಹಾಕುವ ಮುಂಚೆ ದೊಡ್ಡ ಸಾಹೇಬರು ಮೂರನೇ ಕಂಬದ ಹಳೇ ದಾಖಲೆ ಕೇಳಿದರು. ಕಡತದ ಕೋಣೆ ನೋಡಿಕೊಳ್ಳುವ ಕಡತದಣ್ಣ ದಫ್ತರ ಬಿಚ್ಚಿದರೆ, ಯಾರೋ ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ ಒಯ್ದಿದ್ದರು. ಹೋದ ವಾರ ಆ ಕೋಣೆಗೆ ಹೋದವರು ಮೂರೇ ಜನ: ಕಡತದಣ್ಣ, ಸೇತುವೆಯ ಚರಿತ್ರೆ ಬರೆಯುತ್ತಿರುವ ಟೀಚರ್, ಹೊಸ ಇಂಜಿನಿಯರ್. ಹಳೇ ಕಾಗದ ಕೂಡಿಡುವ ಯಾರಿಗೋ ಅಣ್ಣನೇ ಕೊಟ್ಟಿದ್ದಾನೆಂದು ಸಾಹೇಬರು ತೀರ್ಮಾನಿಸಿ, ದಫ್ತರವನ್ನು ತಮ್ಮ ಬೀರುವಿಗೆ ಸೇರಿಸಿದ್ದರು. ಶುಕ್ರವಾರ ಅವನ ನಿವೃತ್ತಿ.

ಮಾವ ಉಸಿರು ಬಿಟ್ಟು ಎದ್ದರು.

ಕಡತದಣ್ಣ ವರಾಂಡದ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದ. "ಆಚೆ ದಡದವರ ಮೂರನೇ ಕಂಬದ್ದು ಹೋಗಿದೆ ಸಾರ್ ಅಂದೆ. ಅಷ್ಟರಲ್ಲೇ ಬಾಯಿ ಮುಚ್ಚು ಅಂದ್ರು. ಮೂವತ್ತಾರು ವರ್ಷ ಆಯ್ತು. ಕಳ್ಳ ಅನ್ನಿಸಿಕೊಂಡು ಮನೆಗೆ ಹೋಗ್ಲಾ?"

ಟೀಚರಿಗೆ ಮಾತು ಶುರುವಾದರೆ ನಿಲ್ಲುವುದಿಲ್ಲ. ಕಬ್ಬಿಣದ ಸೇತುವೆಯನ್ನು ಎರಡು ತಂಡ ಎರಡು ದಡದಿಂದ ಒಟ್ಟಿಗೆ ಶುರು ಮಾಡಿ ನಡುನೀರಿನಲ್ಲಿ ಕೂಡಿದ ಕತೆಯನ್ನು, ಕೂಡುವಾಗ ಗೇಣು ತಪ್ಪಿ ಅವರವರೇ ಬೈದಾಡಿಕೊಂಡದ್ದನ್ನು ಅರ್ಧ ಗಂಟೆ ಹೇಳಿದರು. ನಾಲ್ಕು ದಿನ ಕೂತು ದಫ್ತರ ಪೂರ್ತಿ ಓದಿದ್ದರಂತೆ. ಬರೆದುಕೊಂಡದ್ದು ಮಾತ್ರ ಜನರ ವಿಷಯ, ಅಳತೆಗಳನ್ನಲ್ಲ.

ಹೊಸ ಇಂಜಿನಿಯರನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. "ಮೂರನೇ ಕಂಬದ್ದು ಅಂತ ಇದ್ದದ್ದೇ ಒಂದು ಹಾಳೆ. ಅದೂ ಹೋಯ್ತು. ಇನ್ನು ನನ್ನ ವರದಿನೇ ನಂಬಬೇಕು," ಎಂದ. ಮಾವ ಅವನ ಬೆನ್ನ ಹಿಂದಿನ ಹೊಸ ನಕ್ಷೆ ನೋಡುತ್ತ ನಿಂತರು. ಕಚೇರಿಯಿರುವ ಈಚೆ ದಡದಿಂದ ಕಂಬಗಳಿಗೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹಾಕಿತ್ತು.

ಮಧ್ಯಾಹ್ನ ಎಲ್ಲರೂ ಸಾಹೇಬರ ಕೋಣೆಯಲ್ಲಿ ಸೇರಿದರು. ಮಾವ ಕುರ್ಚಿ ಕೇಳಿ ಕೂತರು.

"ಈ ನದೀಲಿ ಮೂರನೇ ಕಂಬಗಳು ಎರಡಿವೆ," ಎಂದರು. "ಎರಡು ತಂಡ, ಎರಡು ದಡ. ಒಬ್ಬೊಬ್ಬರೂ ತಮ್ಮ ದಡದಿಂದ ಆರಾರು ಎಣಿಸಿದ್ರು. ದಫ್ತರದಲ್ಲಿ ಮೊದಲ ಭಾಗ ಆಚೆ ದಡದವರದ್ದು, ಎರಡನೇದು ನಮ್ಮವರದ್ದು. ಹೋಗಿರೋದು ಆಚೆಯವರ ಹಾಳೆ. ಸಾಹೇಬರಿಗೆ ಬೇಕಾಗಿದ್ದು ಈಚೆಯದು. ಅಣ್ಣ ಹೊಸ ನಕ್ಷೆ ನೋಡಿಲ್ಲ, ಮೊದಲು ಸಿಕ್ಕಿದ್ದು ಬಿಚ್ಚಿ, ಕತ್ತರಿಸಿರೋದು ಕಂಡು ಗಾಬರಿಯಾದ. ಮುಂದಕ್ಕೆ ಮಗುಚೋಕೆ ಯಾರೂ ಬಿಡಲಿಲ್ಲ."

ಸಾಹೇಬರು ಕೆಮ್ಮಿದರು.

"ಮೂರನೇದು ಎರಡಿದೆ ಅಂತ ಅಣ್ಣನಿಗೆ ಗೊತ್ತು, ಅದನ್ನೇ ಹೇಳೋಕೆ ಹೋದ. ಟೀಚರಿಗೂ ಗೊತ್ತು. ಒಂದೇ ಇದೆ ಅಂದುಕೊಂಡವನು ಮಾತ್ರ ಮೊದಲು ಕಂಡದ್ದನ್ನ ಕತ್ತರಿಸಿ, ಕೆಲಸ ಮುಗೀತು ಅಂತ ಹೋಗ್ತಾನೆ. ಬೆಳಿಗ್ಗೆ ನನಗೆ ಹಾಗಂದವರು ಒಬ್ಬರೇ."

ಸಾಹೇಬರು ಬೀರುವಿನಿಂದ ತೆಗೆದುಕೊಟ್ಟ ದಫ್ತರದ ಎರಡನೇ ಭಾಗವನ್ನು ಸೊಸೆ ಬಿಚ್ಚಿ ಓದಿದಳು. "ಈಚೆ ದಡ, ಮೂರನೇ ಕಂಬ. ಅರವತ್ತು ಅಡಿಗೂ ಬಂಡೆ ಸಿಗಲಿಲ್ಲ. ಮರಳಿನ ಮೇಲೆಯೇ ನಿಲ್ಲಿಸಿದೆ. ಭಾರ ಹೆಚ್ಚಿಸಬಾರದು."

ಹೊಸ ಇಂಜಿನಿಯರ್ ಮುಖ ಎತ್ತಲಿಲ್ಲ. ಅಕ್ಕಪಕ್ಕದ ಕಂಬಗಳ ಕೆಳಗೆ ಬಂಡೆ ಸಿಕ್ಕಿತೆಂದು ಇದಕ್ಕೂ ಬಂಡೆಯೇ ಎಂದು ಬರೆದು ಕಳಿಸಿದ್ದ. ಆಮೇಲೆ ಕೊರೆದಾಗ ಬರೀ ಮರಳು ಬಂತು. ತಪ್ಪು ಒಪ್ಪಿಕೊಳ್ಳುವ ಧೈರ್ಯ ಸಾಲದೆ, ಕಡತದಣ್ಣ ಟೀಗೆ ಹೋದಾಗ ಬ್ಲೇಡು ಹಿಡಿದಿದ್ದ. ಇದನ್ನೆಲ್ಲ ಮೆಲ್ಲಗೆ, ಎಷ್ಟೋ ದಿನದಿಂದ ಹೊತ್ತಿದ್ದ ಮೂಟೆ ಇಳಿಸುವವನಂತೆ ಹೇಳಿದ.

"ಕತ್ತರಿಸೋ ಮುಂಚೆ ಓದಬಾರದಿತ್ತೇನಪ್ಪ?" ಎಂದರು ಮಾವ.

"ಮೇಲಿನ ಮೂರು ಅನ್ನೋ ಅಂಕಿ ಬಿಟ್ರೆ ಆ ಹಳೇ ಕೈಬರಹ ನನಗೆ ಓದೋಕೆ ಬರಲ್ಲ ಸಾರ್."

ಸಾಹೇಬರು ವರದಿಯನ್ನು ಪಕ್ಕಕ್ಕೆ ಸರಿಸಿ, ಹನ್ನೆರಡೂ ಕಂಬಗಳನ್ನು ಮತ್ತೆ ಕೊರೆಯಬೇಕೆಂದರು. ಇಂಜಿನಿಯರನ ಗತಿ ಮೇಲಿನವರು ನೋಡಿಕೊಳ್ಳುತ್ತಾರೆ ಎಂದರು. ಆಮೇಲೆ ಎದ್ದು ನಿಂತು ತಮ್ಮ ಕುರ್ಚಿಯನ್ನೇ ಕಡತದಣ್ಣನ ಕಡೆ ಎಳೆದರು.

ಅವನು ಕೂರಲಿಲ್ಲ. ಇಂಜಿನಿಯರ್ ಚೀಲದಿಂದ ತೆಗೆದುಕೊಟ್ಟ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ನೇರ ಮಾಡಿದ.

"ನಡಿಯಪ್ಪ ಕಡತದ ಕೋಣೆಗೆ," ಎಂದ ಇಂಜಿನಿಯರನಿಗೆ. "ಇದನ್ನ ಅಂಟಿಸೋಣ. ಓದೋದು ಹೇಳಿಕೊಡ್ತೀನಿ. ಶುಕ್ರವಾರದ ತನಕ ಇದ್ದೀನಲ್ಲ."